ದೊಡ್ಡ ಸಂಖ್ಯೆಯ ಗುಣಗಳನ್ನು ಕಂಡುಹಿಡಿಯುವುದು ಹೇಗೆ? ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಎಂಟು-ಹತ್ತು ಅಂಕಿಗಳ ಒಂದು ಸಂಖ್ಯೆ ಕೊಟ್ಟು, ಇದಕ್ಕೆ ಎಷ್ಟು ಭಾಜಕಗಳಿವೆ, ಇದು ಪೂರ್ಣವರ್ಗವೇ, ಅವಿಭಾಜ್ಯವೇ, ದ್ವಿಮಾನದಲ್ಲಿ (0 ಮತ್ತು 1 ಮಾತ್ರ ಬಳಸಿ ಬರೆದರೆ) ಹೇಗಿರುತ್ತದೆ ಅಂತ ಕೇಳಿದರೆ ಸೂತ್ರಗಳೆಲ್ಲ ಬಾಯಿಗೆ ಬರುವವರೂ ಎಡವುತ್ತಾರೆ. ಕಾರಣ ಹೆಚ್ಚಾಗಿ ಒಂದೇ: ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ಅಪವರ್ತನ, ಆಮೇಲೆ ತಾಳೆ, ಕೊನೆಗೆ ಗುಣಗಳು. ಈ ಸಾಲು ತಪ್ಪಿಸಿ ನೇರ ಭಾಜಕ ಪಟ್ಟಿ ಮಾಡಲು ಕೂತರೆ ಅರ್ಧ ದಿನ ಹೋಗುತ್ತದೆ, ಉತ್ತರವೂ ಸರಿ ಬರುವುದಿಲ್ಲ.

ಕೊನೆಯವರೆಗೂ ಒಂದೇ ಸಂಖ್ಯೆ ಹಿಡಿದು ಹೋಗೋಣ: 1,32,21,936. ಇದನ್ನು ಸುಮ್ನೆ ಆರಿಸಿಲ್ಲ. ಜನ ಬೀಳುವ ನಾಲ್ಕೈದು ಗುಂಡಿಗಳು ಇದೊಂದರಲ್ಲೇ ಇವೆ.

ಬೇಕಾಗುವ ವಸ್ತುಗಳು

ಹಾಳೆ, ಪೆನ್ನು, ಸಾಮಾನ್ಯ ಕ್ಯಾಲ್ಕುಲೇಟರ್. ಮೊಬೈಲ್‌ನಲ್ಲಿರುವುದೇ ಸಾಕು, ಆದರೆ ಅದು ಎಷ್ಟು ಅಂಕಿಗಳವರೆಗೆ ಪೂರ್ತಿ ತೋರಿಸುತ್ತದೆ ಅಂತ ಮೊದಲೇ ನೋಡಿಕೊಳ್ಳಿ. 100ರೊಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಪಕ್ಕದಲ್ಲಿರಲಿ: 2, 3, 5, 7, 11, 13, 17, 19, 23, 29, 31, 37, 41, 43, 47, 53, 59, 61, 67, 71, 73, 79, 83, 89, 97. ಪಟ್ಟಿಯನ್ನು ನೀವೇ ಬರೆಯುವುದಾದರೆ 51, 57, 87, 91 ನುಸುಳದಂತೆ ನೋಡಿಕೊಳ್ಳಿ. ನಾಲ್ಕೂ ಅವಿಭಾಜ್ಯದ ವೇಷ ಹಾಕಿಕೊಂಡಿರುತ್ತವೆ. 51 ಅಂದರೆ 3×17, 57 ಅಂದರೆ 3×19, 87 ಅಂದರೆ 3×29, 91 ಅಂದರೆ 7×13.

ಹಂತ 1: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳಿ

ಇದು ಹೇಳುವಂಥ ವಿಷಯವೇ ಅಲ್ಲ ಅನ್ನಿಸಬಹುದು. ಆದರೆ ನಾಲ್ಕು ಪುಟ ಲೆಕ್ಕ ಮಾಡಿದ ಮೇಲೆ ಮೂಲ ಸಂಖ್ಯೆಯನ್ನೇ ತಪ್ಪಾಗಿ ಇಳಿಸಿಕೊಂಡಿದ್ದು ಗೊತ್ತಾದರೆ ಹೇಗಿರುತ್ತೆ ಅಲ್ವಾ?

ಸಂಖ್ಯೆ ಬರೆದ ತಕ್ಷಣ ಮೂರು ವಿಷಯ ಪಕ್ಕಕ್ಕೆ ಬರೆಯಿರಿ. ಒಂದು, ಎಷ್ಟು ಅಂಕಿಗಳಿವೆ. ನಮ್ಮ ಸಂಖ್ಯೆಯಲ್ಲಿ 8. ಎರಡು, ಅಂಕಿಗಳ ಮೊತ್ತ: 1+3+2+2+1+9+3+6 = 27. ಮೂರು, ಬಲತುದಿಯಿಂದ ಒಂದು ಕೂಡಿ ಒಂದು ಕಳೆಯುತ್ತಾ ಹೋದರೆ ಸಿಗುವ ಮೊತ್ತ: 6−3+9−1+2−2+3−1 = 13. ಇದನ್ನು 11ರಿಂದ ಭಾಗಿಸಿದರೆ ಶೇಷ 2. ಈ 2 ಎಂಬುದನ್ನು ದೊಡ್ಡದಾಗಿ ಬರೆದು ಸುತ್ತ ಒಂದು ಗೆರೆ ಹಾಕಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಅಂಕಿಗಳ ಮೊತ್ತ ಒಂದೇ ಸಾಲದೇ ಅಂತ ಕೇಳಬಹುದು. ಸಾಲದು. ಬರೆಯುವಾಗ ಆಗುವ ಅತಿ ಸಾಮಾನ್ಯ ತಪ್ಪು ಅಂದರೆ ಪಕ್ಕಪಕ್ಕದ ಎರಡು ಅಂಕಿಗಳು ಅದಲು ಬದಲಾಗುವುದು. 1,32,21,936 ಬರೆಯುವ ಬದಲು 1,32,21,396 ಅಂತ ಬರೆದಿರಿ ಅಂದುಕೊಳ್ಳಿ. ಅಂಕಿಗಳು ಅವೇ, ಹಾಗಾಗಿ ಮೊತ್ತ ಈಗಲೂ 27. ತಪ್ಪು ಸಿಕ್ಕಿಬೀಳುವುದೇ ಇಲ್ಲ. ಆದರೆ ಕೂಡಿ ಕಳೆದ ಮೊತ್ತ 6−9+3−1+2−2+3−1 = 1 ಆಗುತ್ತದೆ. 11ರ ಶೇಷ 2 ಇದ್ದದ್ದು 1 ಆಯಿತು. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲು ಬದಲಾದರೆ 11ರ ಶೇಷ ಬದಲಾಗಿಯೇ ಆಗುತ್ತದೆ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಅಲ್ಪವಿರಾಮದ ಬಗ್ಗೆಯೂ ಒಂದು ಮಾತು. ಲಕ್ಷ, ಕೋಟಿ ಲೆಕ್ಕದ ಅಲ್ಪವಿರಾಮಗಳು ಓದಲು ಒಳ್ಳೆಯದು, ಆದರೆ ಮುಂದಿನ ಹಂತದಲ್ಲಿ ಬರುವ ಒಂದು ನಿಯಮಕ್ಕೆ ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಬೇಕು. ಅದಕ್ಕೆ ಸಂಖ್ಯೆಯನ್ನು ಇನ್ನೊಮ್ಮೆ ಕೆಳಗೆ ಹೀಗೆ ಬರೆದಿಟ್ಟುಕೊಳ್ಳಿ: 13 | 221 | 936.

ಹಂತ 2: ಭಾಗಿಸದೆಯೇ ಗೊತ್ತಾಗುವುದನ್ನು ಮೊದಲು ತಿಳಿದುಕೊಳ್ಳಿ

ಕೊನೆಯ ಅಂಕಿಗಳೇ ತುಂಬಾ ವಿಷಯ ಹೇಳುತ್ತವೆ. 2ರಿಂದ ಭಾಗವಾಗುತ್ತದೆಯೇ ಎಂಬುದಕ್ಕೆ ಕೊನೆಯ ಒಂದು ಅಂಕಿ, 4ಕ್ಕೆ ಎರಡು, 8ಕ್ಕೆ ಮೂರು, 16ಕ್ಕೆ ನಾಲ್ಕು, 32ಕ್ಕೆ ಐದು. ನಮ್ಮ ಸಂಖ್ಯೆಯ ಕೊನೆಯ ಮೂರು ಅಂಕಿ 936, ಅದು 8×117. ಕೊನೆಯ ನಾಲ್ಕು 1936, ಅದು 16×121. ಕೊನೆಯ ಐದು 21936, ಅದನ್ನು 32ರಿಂದ ಭಾಗಿಸಿದರೆ 685ರ ಮೇಲೆ 16 ಉಳಿಯುತ್ತದೆ. ಅಲ್ಲಿಗೆ 2⁴ ಇದೆ, 2⁵ ಇಲ್ಲ. ಕೊನೆಯಲ್ಲಿ 0 ಅಥವಾ 5 ಇಲ್ಲ, ಹಾಗಾಗಿ 5 ಹೊರಗೆ.

ಈಗ 3 ಮತ್ತು 9. ಅಂಕಿಗಳ ಮೊತ್ತ 27, ಅದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಇಲ್ಲೇ ಮೊದಲ ಗುಂಡಿ. ಮೊತ್ತ 27 ಬಂತು, ಹಾಗಾದರೆ ಸಂಖ್ಯೆ 27ರಿಂದಲೂ ಭಾಗವಾಗಬೇಕು ಅಂತ 3³ ಬರೆದುಬಿಡುವವರು ಲೆಕ್ಕವಿಲ್ಲದಷ್ಟು. ಅಂಕಿ ಮೊತ್ತದ ನಿಯಮ 3ಕ್ಕೆ ಮತ್ತು 9ಕ್ಕೆ ಮಾತ್ರ ನಡೆಯುತ್ತದೆ. 10, 100, 1000 ಎಲ್ಲವನ್ನೂ 9ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅದಕ್ಕೇ ಆ ನಿಯಮ. 27ರಿಂದ 10ನ್ನು ಭಾಗಿಸಿದರೆ 10 ಉಳಿಯುತ್ತದೆ, 1 ಅಲ್ಲ. ಇನ್ನೊಂದು 3 ಇದೆಯೇ ಎಂಬುದನ್ನು 9ರಿಂದ ಭಾಗಿಸಿ ಬಂದ ಭಾಗಲಬ್ಧದ ಅಂಕಿಗಳನ್ನು ಮತ್ತೆ ಕೂಡಿ ನೋಡಬೇಕು. ನಮ್ಮದು 14,69,104. ಮೊತ್ತ 25. ಇನ್ನು 3 ಇಲ್ಲ.

7, 11, 13 ಮೂರನ್ನೂ ಒಂದೇ ಏಟಿಗೆ ನೋಡುವ ವಿಧಾನ ನನಗೆ ತುಂಬಾ ಇಷ್ಟ, ಯಾಕೋ ಶಾಲೆಯಲ್ಲಿ ಇದನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ. 7×11×13 = 1001. ಹಾಗಾಗಿ ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ ಸಿಗುವ ಚಿಕ್ಕ ಸಂಖ್ಯೆ ಈ ಮೂರರ ವಿಷಯದಲ್ಲಿ ಮೂಲ ಸಂಖ್ಯೆಯಂತೆಯೇ ನಡೆದುಕೊಳ್ಳುತ್ತದೆ. 936−221+13 = 728. ಈಗ 728ನ್ನು ನೋಡಿ: 7ರಿಂದ ಭಾಗಿಸಿದರೆ 104, ಶೇಷವಿಲ್ಲ. 13ರಿಂದ ಭಾಗಿಸಿದರೆ 56, ಶೇಷವಿಲ್ಲ. 11ರಿಂದ ಭಾಗಿಸಿದರೆ ಶೇಷ 2, ಹಂತ 1ರಲ್ಲಿ ಗೆರೆ ಹಾಕಿಟ್ಟ ಅದೇ 2. ಅಲ್ಲಿಗೆ 7 ಇದೆ, 13 ಇದೆ, 11 ಇಲ್ಲ.

ಗುಂಪು ಮಾಡುವಾಗ ಲಕ್ಷ-ಕೋಟಿಯ ಅಲ್ಪವಿರಾಮ ನೋಡಿಕೊಂಡು 936−21+32−1 ಅಂತ ಮಾಡಿದರೆ 946 ಬರುತ್ತದೆ. ಅದು 11×86. ಇಲ್ಲದ 11 ಇದೆ ಅಂತಾಯಿತು, ಇರುವ 7 ಮತ್ತು 13 ಕೈಬಿಟ್ಟು ಹೋದವು.

ಇನ್ನೊಂದು ಎಚ್ಚರಿಕೆ. 4ರಿಂದ ಭಾಗವಾಯಿತು, 6ರಿಂದ ಭಾಗವಾಯಿತು, ಹಾಗಾಗಿ 24ರಿಂದ ಭಾಗವಾಗುತ್ತದೆ ಅನ್ನುವ ತರ್ಕ ತಪ್ಪು. 12ನ್ನೇ ನೋಡಿ. ಎರಡು ನಿಯಮಗಳನ್ನು ಗುಣಿಸಿ ಸೇರಿಸಬೇಕಾದರೆ ಆ ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು.

ಹಂತ 3: ಎಲ್ಲಿ ನಿಲ್ಲಿಸಬೇಕು ಅಂತ ಗಡಿ ಹಾಕಿಕೊಳ್ಳಿ

ಒಂದು ಸಂಖ್ಯೆ ಅವಿಭಾಜ್ಯ ಅಲ್ಲ ಅಂದರೆ ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಅದಕ್ಕೇ ವರ್ಗಮೂಲದವರೆಗೆ ಹುಡುಕಿದರೆ ಸಾಕು. ಅರ್ಧದವರೆಗೆ ಹುಡುಕುವವರು ಈಗಲೂ ಇದ್ದಾರೆ, ನಮ್ಮ ಸಂಖ್ಯೆಗೆ ಅರ್ಧ ಅಂದರೆ 66 ಲಕ್ಷ ದಾಟುತ್ತದೆ.

3636×3636 = 1,32,20,496. 3637×3637 = 1,32,27,769. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ, ಹಾಗಾಗಿ ಗಡಿ 3636. ಜೊತೆಗೇ ಒಂದು ಗುಣವೂ ಸಿಕ್ಕಿತು: ಇದು ಪೂರ್ಣವರ್ಗ ಅಲ್ಲ. ಕೊನೆಯಲ್ಲಿ 36 ಇದೆ, ಅಂಕಿ ಮೊತ್ತ 9ರ ಗುಣಕ, ಎರಡೂ ಪೂರ್ಣವರ್ಗದ ಲಕ್ಷಣಗಳೇ. ಆದರೆ ಲಕ್ಷಣ ಇದ್ದ ಮಾತ್ರಕ್ಕೆ ಪೂರ್ಣವರ್ಗ ಆಗುವುದಿಲ್ಲ. ಈ ಪರೀಕ್ಷೆಗಳು "ಅಲ್ಲ" ಅಂತ ಹೇಳಲು ಮಾತ್ರ ಉಪಯೋಗಕ್ಕೆ ಬರುತ್ತವೆ.

3636ರವರೆಗೆ ಅವಿಭಾಜ್ಯಗಳು 500ಕ್ಕೂ ಜಾಸ್ತಿ ಇವೆ, 500ನೆಯದು 3571. ಅಷ್ಟನ್ನೂ ಪ್ರಯತ್ನಿಸಬೇಕಾ ಅಂತ ಗಾಬರಿಯಾಗಬೇಡಿ. ಗಡಿ ಕುಗ್ಗುತ್ತಾ ಹೋಗುತ್ತದೆ.

ಹಂತ 4: ಭಾಗಿಸುತ್ತಾ ಹೋಗಿ, ಪ್ರತಿ ಸಲ ಗಡಿ ಬದಲಿಸಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ನಿಯಮ ಎರಡೇ. ಒಂದು ಅವಿಭಾಜ್ಯದಿಂದ ಭಾಗವಾದರೆ ಅದೇ ಅವಿಭಾಜ್ಯದಿಂದ ಮತ್ತೆ ಭಾಗಿಸಿ ನೋಡಿ, ಶೇಷ ಬರುವವರೆಗೂ ಮುಂದಿನದಕ್ಕೆ ಹೋಗಬೇಡಿ. ಮತ್ತೆ, ಪ್ರತಿ ಭಾಗಾಕಾರದ ನಂತರ ಉಳಿದ ಸಂಖ್ಯೆಯ ವರ್ಗಮೂಲವೇ ಹೊಸ ಗಡಿ.

2ರಿಂದ: 1,32,21,936 → 66,10,968 → 33,05,484 → 16,52,742 → 8,26,371. ನಾಲ್ಕು ಸಲ ಆಯಿತು, ಬೆಸ ಸಂಖ್ಯೆ ಬಂತು. ಹಂತ 2ರಲ್ಲಿ ಕೊನೆಯ ಅಂಕಿಗಳಿಂದ 2⁴ ಅಂತ ಕಂಡುಕೊಂಡಿದ್ದೆವು, ತಾಳೆಯಾಯಿತು. 3636 ಇದ್ದ ಗಡಿ ಈಗ 909ಕ್ಕೆ ಇಳಿಯಿತು.

3ರಿಂದ: 8,26,371 → 2,75,457 → 91,819. ಅಂಕಿ ಮೊತ್ತ 28, ಇನ್ನು ಹೋಗುವುದಿಲ್ಲ. 303×303 = 91,809, ಹಾಗಾಗಿ ಗಡಿ 303.

7ರಿಂದ: 91,819 → 13,117. ಇನ್ನೊಮ್ಮೆ ಭಾಗಿಸಿದರೆ ಶೇಷ 6. ನಿಲ್ಲಿಸಿ. ಗಡಿ 114.

11 ಇಲ್ಲ ಅಂತ ಆಗಲೇ ಗೊತ್ತಾಗಿದೆ. 13ರಿಂದ: 13,117 → 1009. ಇನ್ನೊಮ್ಮೆ ಭಾಗಿಸಿದರೆ ಶೇಷ 8. ಗಡಿ 31.

ನೋಡಿದಿರಾ, 3636ರಿಂದ 31ಕ್ಕೆ ಬಂದೆವು. ಗಡಿ ಬದಲಿಸದೆ ಹೋಗಿದ್ದರೆ 1009 ಕೈಯಲ್ಲಿ ಹಿಡಿದುಕೊಂಡು ಇನ್ನೂ ನೂರಾರು ಭಾಗಾಕಾರ ಮಾಡುತ್ತಿರುತ್ತಿದ್ದಿರಿ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ ತಪ್ಪು: ಪಟ್ಟಿಯಲ್ಲಿದ್ದ ನಾಲ್ಕಾರು ಅವಿಭಾಜ್ಯಗಳಿಂದ ಭಾಗವಾಗಲಿಲ್ಲ ಅಂತ ಬೇಸತ್ತು, ಗಡಿ ಮುಟ್ಟುವ ಮೊದಲೇ "ಉಳಿದದ್ದು ಅವಿಭಾಜ್ಯ" ಅಂತ ಬರೆದುಬಿಡುವುದು.

ಹಂತ 5: ಉಳಿದ ತುಂಡನ್ನು ವಿಚಾರಿಸಿಕೊಳ್ಳಿ

1009 ಉಳಿದಿದೆ. 31ರವರೆಗಿನ ಅವಿಭಾಜ್ಯಗಳಲ್ಲಿ 13ರವರೆಗಿನವು ಮುಗಿದಿವೆ. ಉಳಿದವು ಐದು. 17ರಿಂದ ಭಾಗಿಸಿದರೆ ಶೇಷ 6, 19ರಿಂದ 2, 23ರಿಂದ 20, 29ರಿಂದ 23, 31ರಿಂದ 17. ಯಾವುದೂ ಹೋಗಲಿಲ್ಲ. 1009 ಅವಿಭಾಜ್ಯ. ಶೇಷಗಳನ್ನು ಬರೆದೇ ಇಡಿ. "ನೋಡಿದೆ, ಹೋಗಲಿಲ್ಲ" ಅನ್ನುವುದು ಅರ್ಧ ಗಂಟೆಯ ನಂತರ ನಿಮಗೇ ನಂಬಿಕೆ ಬರದ ಮಾತಾಗಿರುತ್ತದೆ.

ಒಟ್ಟಾಗಿ: 1,32,21,936 = 2⁴ × 3² × 7 × 13 × 1009.

ಹಂತ 6: ಉಳಿದ ತುಂಡು ತುಂಬಾ ದೊಡ್ಡದಾಗಿದ್ದರೆ

ನಮ್ಮ ಉದಾಹರಣೆಯಲ್ಲಿ ಇದು ಬೇಕಾಗಲಿಲ್ಲ. ಎಲ್ಲ ಸಂಖ್ಯೆಗಳೂ ಇಷ್ಟು ಸಭ್ಯವಾಗಿ ಇರುವುದಿಲ್ಲ. 40,19,989 ಎಂಬುದನ್ನು ತೆಗೆದುಕೊಳ್ಳಿ. 2, 3, 5, 7 ಅಂತ ಶುರುಮಾಡಿದರೆ ಒಂದೂ ಹೋಗುವುದಿಲ್ಲ. ಮೊದಲು ಹೋಗುವುದು 1999, ಅದು ಸಾಲಿನಲ್ಲಿ 303ನೆಯ ಅವಿಭಾಜ್ಯ. ಅಂದರೆ 302 ಭಾಗಾಕಾರ ದಂಡ.

ಹೀಗಾದಾಗ ವರ್ಗಗಳ ವ್ಯತ್ಯಾಸದ ವಿಧಾನ ಒಮ್ಮೆ ಪ್ರಯತ್ನಿಸಿ. ಫರ್ಮಾ ವಿಧಾನ ಅಂತಲೂ ಕರೆಯುತ್ತಾರೆ. ಬೆಸ ಸಂಖ್ಯೆಯ ವರ್ಗಮೂಲಕ್ಕಿಂತ ಸ್ವಲ್ಪ ಮೇಲಿನ ಪೂರ್ಣಾಂಕ ತೆಗೆದುಕೊಳ್ಳಿ. ಇಲ್ಲಿ 2005. ಅದರ ವರ್ಗ 40,20,025. ಅದರಿಂದ ಮೂಲ ಸಂಖ್ಯೆ ಕಳೆಯಿರಿ: 36. ಅದು 6ರ ವರ್ಗ! ಹಾಗಾದರೆ ಸಂಖ್ಯೆ 2005²−6², ಅಂದರೆ (2005−6)×(2005+6) = 1999×2011. ಒಂದೇ ಪ್ರಯತ್ನದಲ್ಲಿ ಮುಗಿಯಿತು. ವ್ಯತ್ಯಾಸ ಪೂರ್ಣವರ್ಗ ಆಗದಿದ್ದರೆ 2006, 2007 ಅಂತ ಒಂದೊಂದೇ ಏರಿಸುತ್ತಾ ಹೋಗಬೇಕು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ಬೇಗ ಫಲ ಕೊಡುತ್ತದೆ. ಒಂದು ಚಿಕ್ಕದು, ಒಂದು ಭಾರಿ ದೊಡ್ಡದು ಆಗಿದ್ದರೆ ಬೆಳಗಿನವರೆಗೂ ಏರಿಸುತ್ತಲೇ ಇರಬೇಕು. ಅದಕ್ಕೇ ಚಿಕ್ಕ ಅವಿಭಾಜ್ಯಗಳಿಂದ ಭಾಗಿಸಿ ಮುಗಿಸಿದ ಮೇಲೆಯೇ ಇದು, ಮೊದಲಲ್ಲ.

ಭಾಗವಾಗುವುದೇ ಇಲ್ಲ, ಅವಿಭಾಜ್ಯ ಇರಬಹುದು ಅನ್ನಿಸಿದರೆ ಘಾತದ ಪರೀಕ್ಷೆಗಳಿವೆ. ಸರಳವಾದದ್ದು ಹೀಗೆ: ಬೆಸ ಸಂಖ್ಯೆಯಿಂದ 1 ಕಳೆದು, 2ನ್ನು ಅಷ್ಟು ಘಾತಕ್ಕೆ ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಬರಬೇಕು. ಬರದಿದ್ದರೆ ಅದು ಖಂಡಿತ ಅವಿಭಾಜ್ಯ ಅಲ್ಲ. ಬಂದರೆ? ಬಂದರೆ ಏನೂ ಹೇಳಲಾಗದು, ಜನ ಜಾರುವುದು ಇಲ್ಲೇ. 341ನ್ನು ನೋಡಿ. 2¹⁰ = 1024, ಅದು 3×341+1. ಅಂದರೆ 2¹⁰ರ ಶೇಷ 1, ಹಾಗಾಗಿ 2³⁴⁰ರ ಶೇಷವೂ 1. ಪರೀಕ್ಷೆ ಪಾಸಾಯಿತು. ಆದರೆ 341 = 11×31. 2ರ ಬದಲು ಬೇರೆ ಆಧಾರ ಸಂಖ್ಯೆ (ಘಾತಕ್ಕೆ ಏರಿಸುವ ಸಂಖ್ಯೆ) ತೆಗೆದುಕೊಂಡರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 561 (3×11×17) ಇದೆಯಲ್ಲ, ಅದರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಆಧಾರ ತೆಗೆದುಕೊಂಡರೂ ಅದು ಪಾಸಾಗುತ್ತದೆ.

ಇದಕ್ಕೆ ಮದ್ದು ಮಿಲ್ಲರ್-ರಾಬಿನ್ ಪರೀಕ್ಷೆ. ಒಂದೇ ಸಲ ಕೊನೆಯ ಘಾತಕ್ಕೆ ಹೋಗದೆ, ಅರ್ಧ ಅರ್ಧ ಮಾಡಿಕೊಂಡು ಕೆಳಗಿನಿಂದ ಮೇಲೆ ಬರುತ್ತೇವೆ. 340 = 4×85. ಮೊದಲು 2⁸⁵ರ ಶೇಷ: 2⁸⁰ರ ಶೇಷ 1, 2⁵ ಅಂದರೆ 32, ಹಾಗಾಗಿ ಶೇಷ 32. ಈಗ ಅದರ ವರ್ಗ, 32×32 = 1024, ಶೇಷ 1. ಸಿಕ್ಕಿಬಿತ್ತು. ಅವಿಭಾಜ್ಯ ಸಂಖ್ಯೆಯಾಗಿದ್ದರೆ ವರ್ಗ ಮಾಡಿದಾಗ ಶೇಷ 1 ಕೊಡುವ ಸಂಖ್ಯೆ 1 ಅಥವಾ ಆ ಸಂಖ್ಯೆಗಿಂತ ಒಂದು ಕಮ್ಮಿ, ಅಂದರೆ 340, ಇವೆರಡೇ ಆಗಿರಬೇಕು. 32 ಎರಡೂ ಅಲ್ಲ. ಇಲ್ಲಿ ಇನ್ನೊಂದು ಲಾಭವೂ ಇದೆ: 32−1 = 31, ಅದೇ ಒಂದು ಅಪವರ್ತನ. 32+1 = 33, ಅದಕ್ಕೂ 341ಕ್ಕೂ ಮ.ಸಾ.ಅ. 11, ಅದು ಇನ್ನೊಂದು.

ಮಿಲ್ಲರ್-ರಾಬಿನ್ ಕೂಡ 2 ಎಂಬ ಒಂದೇ ಆಧಾರದಲ್ಲಿ ಮಾಡಿದರೆ ಮೋಸ ಹೋಗುತ್ತದೆ, 2047 (23×89) ಅದನ್ನು ದಾಟುತ್ತದೆ. 2, 3, 5, 7 ನಾಲ್ಕೂ ಆಧಾರಗಳಲ್ಲಿ ಮಾಡಿದರೆ 3,21,50,31,751ಕ್ಕಿಂತ ಚಿಕ್ಕ ಸಂಖ್ಯೆಗಳಿಗೆ ಉತ್ತರ ಪಕ್ಕಾ. 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನೂ ಆಧಾರವಾಗಿ ತೆಗೆದುಕೊಂಡರೆ 2⁶⁴ವರೆಗೂ ಪಕ್ಕಾ. ಕೈಯಲ್ಲಿ ಮಾಡುವ ಕೆಲಸ ಅಲ್ಲ ಇದು, ಆದರೆ ಪ್ರೋಗ್ರಾಂ ಬರೆಯುವವರಿಗೆ ಈ ಎರಡು ಗಡಿಗಳು ಗೊತ್ತಿರಬೇಕು.

ಹಂತ 7: ಮುಂದೆ ಹೋಗುವ ಮೊದಲು ತಾಳೆ ನೋಡಿ

ಎಲ್ಲವನ್ನೂ ಗುಣಿಸಿ ಮೂಲ ಸಂಖ್ಯೆ ಬರುತ್ತದೆಯೇ ನೋಡಿ: 16×9 = 144, ×7 = 1008, ×13 = 13,104, ×1009 = 1,32,21,936. ಬಂತು. ಸಂಖ್ಯೆ ತುಂಬಾ ಉದ್ದ ಇದ್ದು ಗುಣಿಸಲು ಕಷ್ಟವಾದರೆ 11ರ ಶೇಷಗಳನ್ನಷ್ಟೇ ಗುಣಿಸಿ. 16ರ ಶೇಷ 5, 9ರದ್ದು 9, ಎರಡನ್ನೂ ಗುಣಿಸಿದರೆ 45, ಶೇಷ 1. 7ರಿಂದ ಗುಣಿಸಿ, 7. 13ರ ಶೇಷ 2, ಗುಣಿಸಿದರೆ 14, ಶೇಷ 3. 1009ರ ಶೇಷ 8, ಗುಣಿಸಿದರೆ 24, ಶೇಷ 2. ಮತ್ತೆ ಅದೇ 2. ಶೇಷ ಹೊಂದದಿದ್ದರೆ ಎಲ್ಲೋ ತಪ್ಪಿದೆ. ಹೊಂದಿದರೆ ಬಹುಮಟ್ಟಿಗೆ ಸರಿ, ಆದರೆ ಅದನ್ನೇ ಪುರಾವೆ ಅನ್ನಲಾಗದು.

ಹಂತ 8: ಈಗ ಗುಣಗಳನ್ನು ಬರೆಯಿರಿ

ಅಪವರ್ತನ ಕೈಯಲ್ಲಿದ್ದರೆ ಇಲ್ಲಿಂದ ಮುಂದೆ ಎಲ್ಲವೂ ಸಲೀಸು.

ಭಾಜಕಗಳ ಸಂಖ್ಯೆ: ಪ್ರತಿ ಘಾತಾಂಕಕ್ಕೂ 1 ಕೂಡಿಸಿ ಗುಣಿಸಿ. ಘಾತಾಂಕಗಳು 4, 2, 1, 1, 1. ಹಾಗಾಗಿ 5×3×2×2×2 = 120. ಒಂದು ಕೂಡಿಸುವುದು ಯಾಕೆಂದರೆ ಆ ಅವಿಭಾಜ್ಯವನ್ನು ತೆಗೆದುಕೊಳ್ಳದೇ ಇರುವುದೂ ಒಂದು ಆಯ್ಕೆ. ಒಂದು ಕೂಡಿಸಲು ಮರೆತರೆ 4×2×1×1×1 = 8 ಅಂತ ಬರುತ್ತದೆ. ಎಂಟೇ ಭಾಜಕಗಳಿರುವ ಸಂಖ್ಯೆ ಇಷ್ಟೊಂದು ಸಲ ಭಾಗವಾಗುವುದಿಲ್ಲ ಅಂತ ಅನುಮಾನ ಬರಬೇಕು. ಇನ್ನೊಂದು ತಾಳೆ: ಭಾಜಕಗಳ ಸಂಖ್ಯೆ ಬೆಸ ಬಂದರೆ ಮಾತ್ರ ಪೂರ್ಣವರ್ಗ. 120 ಸಮ, ಹಂತ 3ರ ಉತ್ತರಕ್ಕೆ ಹೊಂದುತ್ತದೆ.

ಭಾಜಕಗಳ ಮೊತ್ತ: ಪ್ರತಿ ಅವಿಭಾಜ್ಯಕ್ಕೂ 1ರಿಂದ ಶುರುಮಾಡಿ ಅದರ ಘಾತಗಳನ್ನೆಲ್ಲ ಕೂಡಿ, ಆ ಮೊತ್ತಗಳನ್ನು ಗುಣಿಸಿ. 2⁴ಗೆ 1+2+4+8+16 = 31. 3²ಗೆ 1+3+9 = 13. ಉಳಿದವು 8, 14, 1010. ಗುಣಲಬ್ಧ 4,55,87,360. ಇದರಲ್ಲಿ ಸಂಖ್ಯೆಯೂ ಸೇರಿದೆ. ಪರಿಪೂರ್ಣ ಸಂಖ್ಯೆಯೇ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವೇ ಅಂತ ನೋಡಬೇಕಾದರೆ ಸಂಖ್ಯೆಯನ್ನು ಕಳೆಯಬೇಕು: 3,23,65,424. ಮೂಲಕ್ಕಿಂತ ಎರಡು ಪಟ್ಟಿಗಿಂತಲೂ ಜಾಸ್ತಿ, ಹಾಗಾಗಿ ಪರಿಪೂರ್ಣ ಅಲ್ಲ, ಅದನ್ನು ಮೀರಿದ್ದು. 6ಕ್ಕಿಂತ ದೊಡ್ಡದಾದ 6ರ ಗುಣಕಗಳೆಲ್ಲ ಹೀಗೆ ಮೀರಿದವೇ ಆಗಿರುತ್ತವೆ. ನಿಮ್ಮ ಸಂಖ್ಯೆ 6ರ ಗುಣಕವಾಗಿದ್ದೂ ಮೊತ್ತ ಕಮ್ಮಿ ಬಂದಿದ್ದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಸಹ ಅವಿಭಾಜ್ಯಗಳ ಎಣಿಕೆ: 1ರಿಂದ ಈ ಸಂಖ್ಯೆಯವರೆಗೆ ಇದರ ಜೊತೆ ಸಾಮಾನ್ಯ ಅಪವರ್ತನ ಇಲ್ಲದವು ಎಷ್ಟು? ಆಯ್ಲರ್ ಹೆಸರಿನ ಫಲನ ಇದು. ಪ್ರತಿ ಅವಿಭಾಜ್ಯದ ಘಾತಾಂಕವನ್ನು ಒಂದು ಕಮ್ಮಿ ಮಾಡಿ, ಬಂದ ಘಾತವನ್ನು ಆ ಅವಿಭಾಜ್ಯಕ್ಕಿಂತ ಒಂದು ಕಮ್ಮಿಯಿಂದ ಗುಣಿಸಿ. 2⁴ಗೆ 8×1 = 8. 3²ಗೆ 3×2 = 6. 7ಕ್ಕೆ 6, 13ಕ್ಕೆ 12, 1009ಕ್ಕೆ 1008. ಗುಣಲಬ್ಧ 34,83,648. 3²ಗೆ 9−1 = 8 ಅಂತ ಹಾಕುವುದು ಇಲ್ಲಿನ ಮಾಮೂಲಿ ತಪ್ಪು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳನ್ನು ಮಾತ್ರ ನೋಡಿ. ಅವುಗಳ ಘಾತಾಂಕಗಳೆಲ್ಲ ಸಮವಾಗಿದ್ದರೆ ಆಗುತ್ತದೆ. ನಮ್ಮಲ್ಲಿ 3 ಮತ್ತು 7 ಅಂಥವು. 3ರ ಘಾತಾಂಕ 2, ಪರವಾಗಿಲ್ಲ. 7ರದ್ದು 1, ಹಾಗಾಗಿ ಆಗುವುದಿಲ್ಲ. ಒಂದು ಕೋಟಿ ಜೋಡಿಗಳನ್ನು ಹುಡುಕಿದರೂ ಸಿಗುವುದಿಲ್ಲ. 1009 ಮಾತ್ರ ಒಂಟಿಯಾಗಿ ಇದ್ದಿದ್ದರೆ ಆಗುತ್ತಿತ್ತು: 28²+15².

ದ್ವಿಮಾನ ರೂಪ: 2ರಿಂದ ಭಾಗಿಸುತ್ತಾ ಶೇಷಗಳನ್ನು ಬರೆದುಕೊಂಡು, ಕೆಳಗಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಕೆಳಕ್ಕೆ ಓದಿದರೆ ಸಂಖ್ಯೆ ತಲೆಕೆಳಗಾಗುತ್ತದೆ. ನಮ್ಮದು 1100 1001 1100 0000 0011 0000. ಒಟ್ಟು 24 ಸ್ಥಾನ, ಅದರಲ್ಲಿ 8 ಒಂದುಗಳು. ತಾಳೆ ಎರಡು ಕಡೆ ನೋಡಬಹುದು. ಸಂಖ್ಯೆ 2²³ (83,88,608) ಮತ್ತು 2²⁴ (1,67,77,216) ನಡುವೆ ಇದೆ, ಆದ್ದರಿಂದ 24 ಸ್ಥಾನ ಸರಿ. ಕೊನೆಯಲ್ಲಿ ಸಾಲಾಗಿ ನಾಲ್ಕು ಸೊನ್ನೆ, ಅಪವರ್ತನದಲ್ಲಿ 2⁴. ಈ ಎರಡು ಯಾವಾಗಲೂ ಒಂದೇ ಆಗಿರಬೇಕು.

ಹಂತ 9: ಯಂತ್ರಕ್ಕೆ ಕೊಡುವಾಗ ಎಚ್ಚರ

15 ಅಂಕಿ ದಾಟಿದ ಮೇಲೆ ಮಾಮೂಲಿ ಸಾಧನಗಳು ಸದ್ದಿಲ್ಲದೆ ಸುಳ್ಳು ಹೇಳುತ್ತವೆ. ಎಕ್ಸೆಲ್‌ನಲ್ಲಿ 1234567890123456 ಅಂತ ಟೈಪ್ ಮಾಡಿ ನೋಡಿ, ಕೊನೆಯ 6 ಹೋಗಿ 0 ಆಗಿರುತ್ತದೆ, ಒಂದು ಎಚ್ಚರಿಕೆಯೂ ಬರುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 2⁵³ ದಾಟಿದ ಮೇಲೆ, ಅಂದರೆ 9,00,71,99,25,47,40,992 ಆದಮೇಲೆ ಮುಂದಿನ ಬೆಸ ಸಂಖ್ಯೆಯನ್ನೇ ಹಿಡಿದಿಡಲಾರವು. ಅಂಥ ಕಡೆ ಸಂಖ್ಯೆ ಸಮ ಅಂತ ಬಂದರೆ ಅದು ನಿಮ್ಮ ಸಂಖ್ಯೆಯ ಗುಣವೋ, ಯಂತ್ರದ ಮಿತಿಯೋ ಹೇಳಲಾಗದು.

ಪೈಥಾನ್‌ನಲ್ಲಿ ಪೂರ್ಣಾಂಕಗಳಿಗೆ ಇಂಥ ಮಿತಿ ಇಲ್ಲ. ಆದರೆ ಭಾಗಿಸುವಾಗ ಒಂದು ಓರೆಗೆರೆ (/) ಹಾಕಿದರೆ ಉತ್ತರ ದಶಮಾಂಶಕ್ಕೆ ತಿರುಗಿ ಅದೇ ಮಿತಿಗೆ ಬಂದು ಬೀಳುತ್ತದೆ. ಎರಡು ಓರೆಗೆರೆ (//) ಹಾಕಬೇಕು. ವರ್ಗಮೂಲಕ್ಕೂ ಇದೇ ಮಾತು, ಪೂರ್ಣಾಂಕ ವರ್ಗಮೂಲ ಕೊಡುವ ಫಂಕ್ಷನ್ನೇ ಬಳಸಿ. ಲಿನಕ್ಸ್ ಇದ್ದವರಿಗೆ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಅನ್ನುವ ಕಮಾಂಡ್ ಸಿಗುತ್ತದೆ, ಅಲ್ಪವಿರಾಮ ತೆಗೆದು ಸಂಖ್ಯೆ ಕೊಟ್ಟರೆ ಅಪವರ್ತನ ಮುಂದಿಡುತ್ತದೆ. ಕ್ಯಾಲ್ಕುಲೇಟರ್ ಉತ್ತರದಲ್ಲಿ ಇಂಗ್ಲಿಷ್‌ನ ಇ ಅಕ್ಷರ ಕಂಡರೆ ಅಲ್ಲೇ ನಿಲ್ಲಿಸಿ. ಕೆಳಗಿನ ಅಂಕಿಗಳು ಹೋಗಿವೆ, ಅದರಿಂದ ಶೇಷ ತೆಗೆಯಲಾಗದು.

ಎಷ್ಟು ದೊಡ್ಡ ಸಂಖ್ಯೆಯವರೆಗೆ ಇದೆಲ್ಲ ನಡೆಯುತ್ತದೆ? ಅವಿಭಾಜ್ಯವೋ ಅಲ್ಲವೋ ಅಂತ ಹೇಳುವುದು ನೂರಾರು ಅಂಕಿಗಳಿಗೂ ಕಂಪ್ಯೂಟರಿಗೆ ಸುಲಭ. ಅಪವರ್ತನ ತೆಗೆಯುವುದು ಹಾಗಲ್ಲ. ಆರ್‌ಎಸ್‌ಎ-250 ಎಂಬ 250 ಅಂಕಿಗಳ ಸಂಖ್ಯೆಯನ್ನು ಅದರ ಎರಡು ಅವಿಭಾಜ್ಯಗಳಾಗಿ ಒಡೆದದ್ದು 2020ರಲ್ಲಿ, ಅದಕ್ಕೆ ಎಷ್ಟೋ ಕಂಪ್ಯೂಟರ್‌ಗಳು ಒಟ್ಟಿಗೆ ದುಡಿಯಬೇಕಾಯಿತು. ಹಾಗಾಗಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ ನಿಮ್ಮ ಕೈಗೆ ಬಂದರೆ, ಮೇಲಿನ ಹಂತಗಳೆಲ್ಲ ಸರಿಯಾಗಿ ಮಾಡಿದರೂ ಅದು ಒಡೆಯದೇ ಇರಬಹುದು. ಆಗ "ಸಂಯುಕ್ತ ಸಂಖ್ಯೆ, ಅಪವರ್ತನ ಸಿಕ್ಕಿಲ್ಲ" ಅಂತ ಬರೆಯುವುದೇ ಸರಿಯಾದ ಉತ್ತರ. ಭಾಜಕಗಳ ಸಂಖ್ಯೆ 4 ಇರಬಹುದು ಅಂತ ಊಹೆಯ ಮೇಲೆ ಬರೆಯಬೇಡಿ.

ಕೈ ಪಳಗಿಸಲು ಒಂದು ಸಂಖ್ಯೆ

1,23,45,678 ತೆಗೆದುಕೊಂಡು ಹಂತ 1ರಿಂದ ಮಾಡಿ. ಅಂಕಿ ಮೊತ್ತ 36 ಬರುತ್ತದೆ, ಅದನ್ನು ನೋಡಿ 36ರಿಂದ ಭಾಗಿಸಲು ಹೋಗಬೇಡಿ, ಕೊನೆಯ ಎರಡು ಅಂಕಿ 78 ಅಂತ ನೆನಪಿರಲಿ. 3ರ ನಂತರ ಸ್ವಲ್ಪ ಹೊತ್ತು ಏನೂ ಹೋಗುವುದಿಲ್ಲ, 40 ದಾಟುವವರೆಗೂ ತಾಳ್ಮೆ ಬೇಕು. ಆಮೇಲೆ ಐದಂಕಿಯ ಒಂದು ತುಂಡು ಉಳಿಯುತ್ತದೆ, ಅದಕ್ಕೆ 113ರವರೆಗೂ ಹೋಗಿ ಶೇಷ ಬರೆಯಬೇಕು, ಬೇಕಾದ 101, 103, 107, 109, 113 ಮೇಲಿನ ಪಟ್ಟಿಯಲ್ಲಿಲ್ಲ, ಸೇರಿಸಿಕೊಳ್ಳಿ. ಸರಿಯಾದ ಉತ್ತರ: 2 × 3² × 47 × 14,593. ಭಾಜಕಗಳು 24, ಅವುಗಳ ಮೊತ್ತ 2,73,19,968, ಸಹ ಅವಿಭಾಜ್ಯಗಳು 40,27,392. ಮೊತ್ತ ಮಾತ್ರ ತಪ್ಪಿದ್ದರೆ ಹಂತ 8 ಮತ್ತೆ ನೋಡಿ. ಮೂರೂ ತಪ್ಪಿದ್ದರೆ ಹಂತ 4ರಲ್ಲಿ ಎರಡನೇ 3 ಬಿಟ್ಟುಹೋಗಿರುವ ಸಾಧ್ಯತೆಯೇ ಜಾಸ್ತಿ.